ಹಗೇವಿನ ತಂಪು

ಬಿಸಿಲನ್ನು ಬೈಯಲು ಮುನವಳ್ಳಿಯಲ್ಲಿ ಯಾರಿಗೂ ಪುರುಸೊತ್ತಿನ ಕೊರತೆಯಿಲ್ಲ. ಅದನ್ನು ಅಳೆದು, ತಾರೀಖು ಹಾಕಿ ಬರೆದಿಡುವ ಹುಚ್ಚು ಮಾತ್ರ ನನ್ನೊಬ್ಬಳದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಾಪಮಾಪಕ ನೋಡಿ ದಿನಚರಿಯಲ್ಲಿ ಗುರುತು ಮಾಡದಿದ್ದರೆ ನನಗೆ ಊಟ ಸೇರುವುದಿಲ್ಲ. ಬರೆದಿಡುತ್ತಾರೆಂದು ನಾಚಿ ಬಿಸಿಲೇನೂ ಇಳಿದಿಲ್ಲ. ಯರಗಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಅಳೆಯಲು ಸಾಧ್ಯವಾದದ್ದಕ್ಕೆ ಅಂಜಬೇಕಾಗಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗ ಆ ವಾಕ್ಯವನ್ನು ಪಾಠದಿಂದ ತೆಗೆದುಹಾಕಿದ್ದೇನೆ.

ಹೋದ ಬೇಸಿಗೆಯಲ್ಲಿ ಅವ್ವ ತಗಡಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಕುಸಿದಳು. ಡಾಕ್ಟರರು ನನ್ನನ್ನು ಹೊರಗೆ ಕರೆದು, "ಇನ್ನೊಂದು ಬ್ಯಾಸಗಿ ಹಿಂಗ ಬೆಂದ್ರ ಇವ್ರ ಹಾರ್ಟ್ ತಡಿಯಂಗಿಲ್ರಿ" ಎಂದರು. ಅಪ್ಪ ಹೋದ ಮೇಲೆ ಮನೆಯಲ್ಲಿರುವವರು ನಾವಿಬ್ಬರೇ. ಕೂಲರ್ ತರಬಹುದಿತ್ತು, ಆದರೆ ನಮ್ಮಲ್ಲಿ ಬಿಸಿಲು ಏರಿದ ಹೊತ್ತಿಗೇ ಕರೆಂಟು ಮಲಗಿಬಿಡುತ್ತದೆ. ಚಳಿಯ ದೇಶಗಳಲ್ಲಿ ನೆಲದಾಳದ ಶಾಖವನ್ನು ಕೊಳವೆಯಲ್ಲಿ ತಂದು ಮನೆ ಬೆಚ್ಚಗಿಡುತ್ತಾರೆಂದು ಓದಿದ್ದೆ. ಮುನವಳ್ಳಿಗೆ ಶಾಖದ ಬಡತನವಿಲ್ಲ. ಆದ್ದರಿಂದ ಅದೇ ವಿದ್ಯೆಯನ್ನು ತಿರುಗಾಮುರುಗಾ ಮಾಡಿದೆ: ಬಿಸಿಗಾಳಿಯನ್ನು ನೆಲದಡಿ ಓಡಿಸಿ, ತಣ್ಣಗಾದ ಮೇಲೆ ಅವ್ವನಿಗೆಂದು ಕಟ್ಟಿಸುವ ಹೊಸ ಕೋಣೆಗೆ ಬಿಡುವುದು, ಗಾಳಿ ಎಳೆಯುವ ಫ್ಯಾನಿಗೆ ಮಾಳಿಗೆಯ ಮೇಲಿನ ಸೋಲಾರ್ ಕರೆಂಟು.

ಅಪ್ಪನ ತಮ್ಮ ಬಸಪ್ಪ ಕಾಕಾ ಎಲ್ಲವನ್ನೂ ಕೇಳಿ, "ನೆಲದಾಗ ತಣ್ಣಗ ಇರತೈತಿ ಅನ್ನೂದು ನಮ್ಮ ಮಂದಿಗೆ ಮೊದಲ ಗೊತ್ತೈತಿ ಬಿಡವಾ. ಹೋದಾವ್ರನ್ನ ಅಲ್ಲೇ ಅಲ್ಲ ಇಡೂದು? ಇದ್ದಾವ್ರು ಮ್ಯಾಲ ಇರೂನು" ಎಂದ. ನಾನು ನಕ್ಕೆ. ಕಾಕಾ ನಗಲಿಲ್ಲ.

ಹಿತ್ತಲಲ್ಲಿ ಜೆಸಿಬಿ ತಗ್ಗು ತೋಡುವಾಗ ಕಲ್ಲುಚಪ್ಪಡಿಯೊಂದು ಎದ್ದಿತು. ಕೆಳಗೆ ಹಗೇವು! ಹಿಂದಿನವರು ವರ್ಷದ ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದ, ಬಾಯಿ ಸಣ್ಣ ಹೊಟ್ಟೆ ದೊಡ್ಡದಾದ ಕಣಜ. ಬಳಸುವುದು ನಿಂತು ಯಾವ ಕಾಲವಾಗಿತ್ತೋ. ನನಗಂತೂ ಅಜ್ಜಂದಿರೇ ಮುಂದಾಲೋಚಿಸಿ ಅರ್ಧ ಕೆಲಸ ಮುಗಿಸಿಟ್ಟಂತೆ ಕಂಡಿತು.

"ಮುಚ್ಚಿದ್ದು ಮುಚ್ಚಿದಂಗ ಇರ್ಲಿ, ತಂಗಿ" ಎಂದ ಕಾಕಾ.

"ಯಾಕ ಕಾಕಾ?"

"ಮುಚ್ಚ್ಯಾರಂದ್ರ ಯಾಕರ ಮುಚ್ಚಿರತಾರ" ಎಂದವನೇ ಟವೆಲ್ ಕೊಡವಿ ಹೊರಟುಹೋದ.

ಹಗೇವಿನ ಗಾಳಿ ಕೆಟ್ಟದ್ದೆಂದು ನನಗೂ ಗೊತ್ತು. ಮುಚ್ಚಿದ ಕಾಳು ಒಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಅದಕ್ಕೇ ಹಿಂದಿನವರು ಮೊದಲು ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ತಾವು ಇಳಿಯುತ್ತಿದ್ದರು. ನಾನು ಬಾಯಿ ತೆರೆಸಿ ವಾರಗಟ್ಟಲೆ ಗಾಳಿಯಾಡಿಸಿದೆ, ದೀಪ ಇಳಿಬಿಟ್ಟೆ, ಅದು ಉರಿಯಿತು. ಒಳಗೆಲ್ಲ ಸಿಮೆಂಟು ಹಚ್ಚಿಸಿದೆ. ಬೇವಿನ ನೆರಳಿನ ಹೊಸ ಗಾಳಿ ಒಂದು ಕೊಳವೆಯಿಂದ ಹಗೇವಿಗಿಳಿದು, ಇನ್ನೊಂದರಿಂದ ಕೋಣೆಗೆ ಬರುವಂತಾಯಿತು. ಧೂಳು ಆಗದೆಂದು ಅವ್ವನನ್ನು ಸವದತ್ತಿಯಲ್ಲಿ ಚಿಗವ್ವನ ಮನೆಯಲ್ಲಿ ಬಿಟ್ಟಿದ್ದೆ.

ಕೆಲಸ ಮುಗಿದ ಮೇಲೆ ಕರೆತಂದೆ. ಅವ್ವ ಕೋಣೆಯಲ್ಲಿ ಕುಳಿತು, ಸೆರಗು ಸರಿಸಿ, ಕಣ್ಣು ಮುಚ್ಚಿದಳು. "ಹಾಯ್ ಅನಸ್ತೈತಿ. ಎಲ್ಲಿಂದ ಬರಾಕತ್ತೈತಿ ಈ ಗಾಳಿ?"

"ನಮ್ಮ ಹಗೇವಿನಿಂದ ಬೇ" ಎಂದೆ ಎದೆಯುಬ್ಬಿಸಿ.

ಅವ್ವ ಎದ್ದಳು. ದೇವರ ಮುಂದಿನ ಹಣತೆ ತಂದು ಗಾಳಿಕಿಂಡಿಯ ಮುಂದಿಟ್ಟಳು. "ಇದು ಉರಿಯೂತನಕ ಕುಂದರತೇನಿ." ಫ್ಯಾನಿನ ಗಾಳಿಗೆ ಹಣತೆ ಅಲ್ಲೇ ಆರಿತು. ಅವ್ವ ತಗಡಿನ ಅಡುಗೆಮನೆಗೆ ಹೋದಳು.

ಅಂದಿನಿಂದ ಹಣತೆಗೂ ಸೋಲಾರಿಗೂ ಯುದ್ಧ. ಫ್ಯಾನು ತಿರುಗಿದರೆ ದೀಪ ನಿಲ್ಲದು, ದೀಪ ನಿಂತರೆ ತಂಪು ಬಾರದು. ಗಾಜಿನ ಕಂದೀಲು ತಂದುಕೊಟ್ಟೆ. "ಗಾಜಿನೊಳಗ ಬೆಚ್ಚಗ ಕುಂತದ್ದಕ್ಕ ಹೊರಗಿಂದು ಏನು ತಿಳೀತೈತಿ?" ಎಂದು ಪಕ್ಕಕ್ಕಿಟ್ಟಳು. ಹತ್ತನೆಯ ಇಯತ್ತೆಯ ಪಾಠವನ್ನೆಲ್ಲ ಒಪ್ಪಿಸಿದೆ. "ನೀ ಹೇಳೂದು ಖರೇನ ಇರಬೇಕು" ಎಂದು ಒಪ್ಪಿಕೊಂಡು, ಎದ್ದು ಬಿಸಿಲಿಗೆ ಹೋದಳು.

ಒಂದು ಶನಿವಾರ ಸಾಲೆ ಬಿಟ್ಟು ಬಂದಾಗ ಕೋಣೆಗೂ ಅಡುಗೆಮನೆಗೂ ನಡುವಿನ ಅಂಗಳದಲ್ಲಿ ಅವ್ವ ಬಿದ್ದಿದ್ದಳು. ಕೋಣೆಯಲ್ಲಿ ಫ್ಯಾನು ನಿಷ್ಠೆಯಿಂದ ಖಾಲಿ ಮಂಚವನ್ನು ತಂಪು ಮಾಡುತ್ತಿತ್ತು.

ಜೀವ ಉಳಿಯಿತು. ಬೈಲಹೊಂಗಲದ ದವಾಖಾನೆಯಲ್ಲಿ, ಸಲೈನು ಹನಿಯುವುದನ್ನು ನೋಡುತ್ತ ಅವ್ವ ಹೇಳಿದಳು. ಅಪ್ಪನಿಗೆ ಈರಣ್ಣ ಎಂಬ ಕೊನೆಯ ತಮ್ಮನಿದ್ದ. ಜ್ವರ ಬಂದು ತೀರಿಕೊಂಡನೆಂದು ನನಗೆ ಹೇಳಿದ್ದರು. "ಜ್ವರಾ ಅಲ್ಲ. ನಾ ಮದಿವ್ಯಾಗಿ ಹೊಸದಾಗಿ ನಡ್ಯಾಕ ಬಂದಿದ್ದೆ. ಬೀಗರು ಬಂದಿದ್ರು, ಹಿಟ್ಟು ತೀರಿತ್ತು. ಈರಣ್ಣಾ, ಒಂದೀಟು ಜ್ವಾಳಾ ತಗದ ಕೊಡಪಾ ಅಂದೆ. ವೈನಿ ಕೈಯಾನ ರೊಟ್ಟಿ ತಿಂತೇನಿ ಅಂತ ನಗಕೋತ ಹಗೇವಿನಾಗ ಇಳದಾ. ದೀಪಾ ತರತೇನಿ ತಡಿ ಅಂದೆ, ನಿಲ್ಲಲಿಲ್ಲ. ನಾ ಮ್ಯಾಲಿಂದ ಒದರೇ ಒದರಿದೆ. ಓ ಅನ್ನಲಿಲ್ಲ." ಆಮೇಲೆ ನನ್ನ ಕಡೆ ಹೊರಳಿ, "ನಿನ್ನ ಕ್ವಾಣಿ ಛಲೋ ಐತಿ. ಅದರದೇನೂ ತಪ್ಪಿಲ್ಲ" ಎಂದಳು.

ಹಗೇವಿನ ಕೊಳವೆ ಕೀಳಿಸುತ್ತೇನೆಂದೆ. ಹೊಸದಾಗಿ ತೋಡಿಸುವಷ್ಟರಲ್ಲಿ ಬೇಸಿಗೆಯೇ ಮುಗಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವ್ವ ತಾನೇ ಒಪ್ಪಂದಕ್ಕೆ ಬಂದಳು: ಅವಳು ದೀಪವಿಲ್ಲದೆ ಒಳಗೆ ಕೂರುತ್ತಾಳೆ, ಆದರೆ ನಾನು ಮಾತ್ರ ಆ ಕೋಣೆಗೆ ಕಾಲಿಡಬಾರದು. "ನನಗ ಆದ್ರ ಆಗ್ಲಿ. ಇಬ್ಬರು ಒಳಗ ಹೋದ್ರ ಒದರಾವ್ರು ಯಾರು?"

ಹೀಗಾಗಿ ನೆಲದ ತಂಪನ್ನು ಸೂರ್ಯನ ಬಲದಿಂದ ಮನೆಗೆ ತಂದ ನಾನು ಈಗ ರಜೆಯ ದಿನಗಳಲ್ಲಿ ತಗಡಿನ ಅಡುಗೆಮನೆಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತೇನೆ. ಬೆವರು ಬಿದ್ದು ಮಕ್ಕಳ ಅಂಕಗಳು ಕಲೆಸಿಹೋಗುತ್ತವೆ. ನಡುನಡುವೆ "ಅವ್ವಾ" ಎನ್ನುತ್ತೇನೆ. ಒಳಗಿನಿಂದ "ಅದೀನಿ" ಎಂದು ಬರುತ್ತದೆ. ಮೊದಮೊದಲು ಅವಳ ಸಮಾಧಾನಕ್ಕೆಂದು ಕೂಗುತ್ತಿದ್ದೆ.

ಮೊನ್ನೆ ಕೂಗಿದೆ, ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ಬರಲಿಲ್ಲ. ಪತ್ರಿಕೆಗಳನ್ನು ತುಳಿದುಕೊಂಡು, ಬರಿಗಾಲಲ್ಲಿ ಕಾದ ಅಂಗಳ ದಾಟಿ ಒಳಗೆ ನುಗ್ಗಿದೆ. ಅವ್ವ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಳು. ಗುಟುಕು ಇಳಿಸಿ, "ಬಾಯಾಗ ನೀರಿತ್ತು. ನೀ ಯಾಕ ಒಳಗ ಬಂದಿ? ಹೊರಗ ನಡಿ" ಎಂದಳು.

ಈ ಗಾಳಿಯಲ್ಲಿ ಯಾವ ದೋಷವೂ ಇಲ್ಲವೆಂದು ಹೇಳಲು ಬಾಯಿ ತೆರೆದೆ. ಉಸಿರು ಸಿಗಲಿಲ್ಲ. ಹೊರಗೆ ಬಂದೆ.