ಮಂಗಳವಾರ ಕೆಡುವ ಟೈಮಿಂಗು

ಸ್ಕ್ರೂಡ್ರೈವರ್ ಕೈಗೆ ಸಿಕ್ಕರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಇದನ್ನು ನನ್ನ ದೌರ್ಬಲ್ಯವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಇದಕ್ಕಿರುವ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ನೆಟ್ಟಗೆ ನಡೆಯುತ್ತಿದ್ದ ಗೋಡೆ ಗಡಿಯಾರ, ನೆಂಟರ ಮನೆಯಲ್ಲಿ ಚೆನ್ನಾಗಿಯೇ ಹಾಡುತ್ತಿದ್ದ ರೇಡಿಯೋ, ಹೀಗೆ ನನ್ನ ಕೈಯಲ್ಲಿ ಸದ್ಗತಿ ಪಡೆದ ಯಂತ್ರಗಳು ಹಲವು. ಆದರೂ ಕೊಳ್ಳೇಗಾಲದಲ್ಲಿ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ಒಂದು ಮೋಟಾರ್‌ಸೈಕಲ್ಲಿನ ರೋಗವನ್ನು ನಾನೊಬ್ಬನೇ ಪತ್ತೆಹಚ್ಚಿದೆ ಎಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಮೋಟಾರ್‌ಸೈಕಲ್ ಎಂದೆನಲ್ಲ, ಅದು ಅರ್ಧ ಸತ್ಯ. ಚಾಸಿಸ್ಸು ಮಿಲಿಟರಿಯವರು ಹರಾಜು ಹಾಕಿದ ಹಳೇ ಬೈಕಿನದು. ಎಂಜಿನ್ನು ಗದ್ದೆಗೆ ನೀರೆತ್ತುತ್ತಿದ್ದ ಪಂಪಿನದು. ಎರಡಕ್ಕೂ ಸಂಬಂಧ ಕುದುರಿಸಿದವನು ಯಳಂದೂರಿನ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಪುಟ್ಟಮಾದಯ್ಯ. ಪಂಪಿನ ಎಂಜಿನ್ನಾದ್ದರಿಂದ ಅದರ ಭಾರದ ಚಕ್ರ ಮುಚ್ಚಳವಿಲ್ಲದೆ ಹೊರಗೇ ತಿರುಗುತ್ತಿತ್ತು. ಆ ಚಕ್ರದ ಮೇಲಿನ ಗೀರು ಎಂಜಿನ್ನಿನ ಮೇಲಿನ ಗುರುತಿಗೆ ಎದುರಾದ ಗಳಿಗೆಯಲ್ಲೇ ಒಳಗೆ ಕಿಡಿ ಹಾರಬೇಕು. ಟೈಮಿಂಗು ಎಂದರೆ ಇಷ್ಟೇ. ಮೂಲದ ಗೀರು ಸವೆದುಹೋಗಿತ್ತು. ಪುಟ್ಟಮಾದಯ್ಯ ತನ್ನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಅಲ್ಲೊಂದು ಬಿಳಿ ಗೀರು ಎಳೆದು, “ಒರಡಕ್ ಮುಂಚೆ ಈ ಗೀರೊಂದ ನೋಡ್ಕಳಿ ಸಾ” ಎಂದಿದ್ದ. ಅವನು ಹೇಳಿದ್ದು ನೋಡಲು ಮಾತ್ರ. ನಾನು ಅಷ್ಟಕ್ಕೇ ನಿಲ್ಲುವವನಲ್ಲ.

ಬೆಳೆ ಹಿಡಿಯುವ ಕಾಲದಲ್ಲಿ ಮಂಗಳವಾರ ಬಂತೆಂದರೆ ರೇಷ್ಮೆ ಮೊಟ್ಟೆಯ ಹಾಳೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಹನೂರು ದಾಟಿ ಕೌದಳ್ಳಿಗೆ ಮುಟ್ಟಿಸುವುದು ನನ್ನ ಕೆಲಸ. ಮೊಟ್ಟೆ ಇಂಥ ದಿನ ಒಡೆಯುತ್ತದೆ ಎಂದರೆ ಒಡೆಯಿತೇ; ಆಗ ಮರಿಗೆ ಎಳೆಯ ಹಿಪ್ಪುನೇರಳೆ ಸೊಪ್ಪು ಸಿಗದಿದ್ದರೆ ಅದರ ಕತೆ ಮುಗಿಯಿತು. ನನ್ನ ಗಾಡಿ ಕೆಡುತ್ತಿದ್ದುದು ಮಂಗಳವಾರ ಮಾತ್ರ. ಹನೂರು ಇನ್ನೂ ದೂರವಿರುವಾಗಲೇ ಎಂಜಿನ್ನು ಕಾದು, ಢಬ್ ಎಂದು ನಿಂತು, ಕಿಕ್ ಹೊಡೆದರೆ ವಾಪಸು ನನ್ನ ಕಾಲಿಗೇ ಒದೆಯುತ್ತಿತ್ತು. ಯಾವುದಾದರೂ ಲಾರಿಗೆ ಹೇರಿ ಯಳಂದೂರಿಗೆ ಸಾಗಿಸಿದರೆ ಪುಟ್ಟಮಾದಯ್ಯ ಟೈಮಿಂಗು ಕೂಡಿಸಿ, ಹೊಸ ಸುಣ್ಣ ಹಚ್ಚಿ ಕೊಡುತ್ತಿದ್ದ. ಸೋಮವಾರದವರೆಗೆ ಕುದುರೆ.

ಮೂರನೆಯ ಸಲ ಗಾಡಿ ಕೆಟ್ಟಾಗ ಹುಳುಗಳು ನನ್ನ ಡಬ್ಬಿಯಲ್ಲೇ ಹುಟ್ಟಿಬಿಟ್ಟವು. ರಸ್ತೆ ಬದಿಯ ಯಾರದೋ ತೋಟಕ್ಕೆ ನುಗ್ಗಿ ಸೊಪ್ಪು ಕಿತ್ತು, ಸಾವಿರಾರು ಮಕ್ಕಳ ತಾಯಿಯಂತೆ ಕೂತು ತಿನ್ನಿಸಿದೆ. ಅರ್ಧವೂ ಉಳಿಯಲಿಲ್ಲ. ಅವು ಸೇರಬೇಕಾಗಿದ್ದುದು ಕೌದಳ್ಳಿಯ ಶಿವಮ್ಮನಿಗೆ. ಹುಳು ಸಾಕಲು ಆಕೆಯನ್ನು ಒಪ್ಪಿಸುವುದಕ್ಕೆ ನಾನು ಒಂದು ವರ್ಷ ಅಲೆದಿದ್ದೆ. ಆಕೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. “ಮುಂದಿನ್ ಮಂಗಳಾರ್ವೂ ಇಂಗೇ ಆದ್ರೆ ಸೊಪ್ಪ ದನಕ್ ಆಕ್ತೀನಿ ಸಾ. ಈ ಉಳ ಸಾಕದೇ ಬ್ಯಾಡ ನಂಗೆ” ಎಂದು ಮೆಲ್ಲಗೆ ಹೇಳಿದಳು. ನನಗೆ ತಲೆಯೆತ್ತಲು ಆಗದಷ್ಟು ನಾಚಿಕೆಯಾಯಿತು.

ಮುಂದಿನ ಸೋಮವಾರ ರಜ. ಮಾರನೆಯ ದಿನದ ಭಯಕ್ಕೆ ಜಗಲಿಯ ಮೇಲೆ ಗಾಡಿಯನ್ನೇ ನೋಡುತ್ತ ಕೂತಿದ್ದೆ. ಅವ್ವ ಲಿಂಗಪೂಜೆ ಮುಗಿಸಿ ಹೊರಗೆ ಬಂದು, ಒದ್ದೆ ಬಟ್ಟೆಯಿಂದ ಗಾಡಿಯನ್ನು ಒರೆಸಿದಳು. ಜೊತೆಗೆ ಸುಣ್ಣದ ಗೀರೂ ಹೋಯಿತು. ಟ್ಯಾಂಕಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಆಮೇಲೆ ಎಂಜಿನ್ನಿನ ಭಾರದ ಚಕ್ರಕ್ಕೂ ಎಳೆದಳು. ಅಷ್ಟು ಸಣ್ಣ ಜಾಗದಲ್ಲಿ ಮೂರು ಪಟ್ಟೆ ಹಿಡಿಸದೆ ಒಂದೇ ಒಂದು ಬಿಳಿ ಗೀರು, ಅದೂ ಸುಣ್ಣ ಇದ್ದ ಕಡೆಯಿಂದ ಎರಡು ಬೆರಳು ಆಚೆ. ನಾನು ನಡೆದುಕೊಂಡು ಆಫೀಸಿಗೆ ಹೋದ ಮೇಲೆ ಪ್ರತಿ ಸೋಮವಾರ ಈ ಸೇವೆ ನಡೆಯುತ್ತಿತ್ತಂತೆ. ಮಂಗಳವಾರ ಬೆಳಿಗ್ಗೆ ನಾನು ಸ್ಕ್ರೂಡ್ರೈವರ್ ಹಿಡಿದು ಕೂತು, ಟೈಮಿಂಗು ಜರುಗಿದೆ ಎಂದು ಮರುಗಿ, ಎಂಜಿನ್ನಿನ ಕಿಡಿಯನ್ನು ಅವ್ವನ ವಿಭೂತಿಗೆ ಸರಿಯಾಗಿ ಕೂಡಿಸಿ ಹೊರಡುತ್ತಿದ್ದೆ!

ಗಾಡಿಯನ್ನು ಆಗಲೇ ಯಳಂದೂರಿಗೆ ಓಡಿಸಿದೆ. ಪುಟ್ಟಮಾದಯ್ಯ ನಕ್ಕು ಸುಸ್ತಾದ ಮೇಲೆ ಚಾಣ ತೆಗೆದು, ಯಾವ ಬಟ್ಟೆಯೂ ಒರೆಸಲಾರದ ಗೀರು ಕೊರೆದುಕೊಟ್ಟ. ಮಂಗಳವಾರ ಗಾಡಿ ಎಲ್ಲೂ ಕೆಮ್ಮದೆ ಹನೂರು ದಾಟಿತು. ನಾನು ರಸ್ತೆ ಬದಿ ಕೂತಿದ್ದಾಗಲೆಲ್ಲ ಹಾರನ್ ಹೊಡೆದು ಅಣಕಿಸುತ್ತಿದ್ದ, ಬೆಟ್ಟಕ್ಕೆ ಯಾತ್ರಿಕರನ್ನು ಒಯ್ಯುವ ಬಸ್ಸನ್ನು ಅಂದು ಹಿಂದೆ ಹಾಕಿದೆ. ಅದು ಜನ ಇಳಿಸಲು ನಿಂತಿತ್ತು ಎಂಬುದು ಇಲ್ಲಿ ಮುಖ್ಯವಲ್ಲ. ಶಿವಮ್ಮ ಹಾಳೆಯನ್ನು ಬೆಳಕಿಗೆ ಹಿಡಿದಳು. ಮೊಟ್ಟೆ ಮೊಟ್ಟೆಯಾಗಿಯೇ ಇತ್ತು. ಹಾಳೆಯನ್ನು ಜೋಪಾನವಾಗಿ ಒಳಗಿಟ್ಟು, ಕುಕ್ಕೆ ಎತ್ತಿಕೊಂಡು ಸೊಪ್ಪು ಬಿಡಿಸಲು ತೋಟಕ್ಕೆ ಹೊರಟಳು. ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಈವರೆಗೆ ಆಗಿಲ್ಲ.

ಮನೆಗೆ ಬಂದವನೇ ಅವ್ವನನ್ನು ಕೂರಿಸಿಕೊಂಡು ನನ್ನ ಪತ್ತೇದಾರಿಕೆಯನ್ನೆಲ್ಲ ವಿವರಿಸಿ, ಇನ್ನು ಮೇಲೆ ಚಕ್ರವನ್ನು ಮುಟ್ಟಕೂಡದು ಎಂದು ಅಪ್ಪಣೆ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, ವಿಭೂತಿ ಹಚ್ಚಿದರೆ ಎಂಜಿನ್ನು ಕೆಡುತ್ತದೆಯೇ ಎಂದು ಕೇಳಿದಳು. ಇಲ್ಲ, ಅದರಿಂದ ಏನೂ ಆಗುವುದಿಲ್ಲ ಎಂದೆ. “ಅಂಗಾರೆ ಇಷ್ಟ್ ದಿನ ಕೆಡುಸ್ತಿದ್ದೋರು ಯಾರ್ ಮಗಾ?” ಎಂದಳು. ಅಲ್ಲಿಯವರೆಗೆ ನಾನು ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ.

ಮುಂದಿನ ಸೋಮವಾರ ನಾನು ಆಫೀಸಿಗೆ ಹೊರಡುವ ಮೊದಲೇ ಪೂಜೆಗೆ ಬಂದಳು. ಟ್ಯಾಂಕಿಗೆ ಮೂರು ಪಟ್ಟೆ ಎಳೆದು, ನನ್ನ ಮಾತಿನಂತೆ ಚಕ್ರವನ್ನು ಬಿಟ್ಟು, ನೇರ ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಿತ್ತುಕೊಂಡು, ಮಿಕ್ಕ ವಿಭೂತಿಯನ್ನು ನನ್ನ ಹಣೆಗೆ ಒತ್ತಿ ಬಳಿದಳು. ಅಲ್ಲಿಂದಾಚೆಗೆ ಗಾಡಿ ಮಂಗಳವಾರ ಒಮ್ಮೆಯೂ ಕೆಡಲಿಲ್ಲ. ಆ ಸ್ಕ್ರೂಡ್ರೈವರನ್ನು ಅವಳು ಎಲ್ಲಿಟ್ಟಳೆಂಬುದನ್ನು ಮಾತ್ರ ನನಗೆ ಇಂದಿಗೂ ಪತ್ತೆಹಚ್ಚಲು ಆಗಿಲ್ಲ.