ಒಳಗೆ ಯಾರು ಅಂತ ಕೇಳಬಾರದು

ಕ್ಯಾಲಿಫೋರ್ನಿಯಾದ ಪೊವೇಯ ನಮ್ಮ ಆಫೀಸಲ್ಲಿ ಕಂಪ್ಯೂಟರಿಗೆ ಭಾಷೆ ಕಲಿಸೋಕೆ ಜನರ ದನಿ ರೆಕಾರ್ಡ್ ಮಾಡ್ತೀವಿ. ಮೊದಲು ಎದೆ ಝಲ್ಲನ್ನಿಸಿ ಆಮೇಲೆ ನಗಿಸೋ ಸಂಗತಿಗಳು ಇಲ್ಲಿ ನಡೀತಾನೇ ಇರ್ತವೆ. ಹೋದ ವರ್ಷ ನೈಜೀರಿಯಾದ ಎಬಿರಾ ಭಾಷೆಯ ಸರದಿ. ಓದಿ ಹೇಳೋಕೆ ಎಪ್ಪತ್ತು ದಾಟಿದ ಎಬಿರಾ ಅಂಕಲ್ ಒಬ್ಬರು ಲಾಸ್ ಏಂಜಲೀಸಿಂದ ಡ್ರೈವ್ ಮಾಡ್ಕೊಂಡು ಬರೋರು.

೧. ಬೂತಲ್ಲಿ ಇಬ್ಬರು

ಗಾಜಿನ ಬೂತಲ್ಲಿ ಅಂಕಲ್ ಒಬ್ಬರೇ ಪದ ಓದ್ತಿದ್ರು. ನನ್ನ ಸ್ಕ್ರೀನ್ ಮೇಲೆ ಬಂತು: "ಮಾತಾಡುತ್ತಿರುವವರು: ಇಬ್ಬರು." ಬಾಗಿಲು ತೆಗೆದು ಕೇಳಿದೆ.

"ಅದಾ? ನಾನು ಒಕೆನೆಯವನು. ಹೆಂಡತಿ ಇಗಾರಾದವಳು, ಅವರ ಎಬಿರಾದ ರಾಗವೇ ಬೇರೆ. ನಾನು ಏನಂದ್ರೂ ತಮ್ಮೂರ ಥರ ತಿದ್ದೋಳು. ಈಗ ಅವಳ ಪಾಲಿನದ್ದೂ ನನ್ನ ಬಾಯಲ್ಲೇ ಬರುತ್ತೆ."

"ಆಂಟಿ ಮನೇಲಿದ್ದಾರಾ?"

"ತೀರಿಕೊಂಡು ಮೂರು ವರ್ಷ ಆಯ್ತು. ತಿದ್ದೋದು ಮಾತ್ರ ಬಿಟ್ಟಿಲ್ಲ."

೨. ಸತ್ತವರ ಸಹಿ

ಒಂದಿನ ಹಳೇ ಕ್ಯಾಸೆಟ್ ತಂದ್ರು. "ನಮ್ಮಜ್ಜನ ದನಿ. ಟೇಪು ಹಾಳಾಗ್ತಿದೆ, ಇದೊಂದೇ ಉಳಿದಿರೋದು. ನಿಮ್ಮಲ್ಲಿ ಸೇರಿಸಿಬಿಡು ಮಗಳೇ, ಮೊಮ್ಮಕ್ಕಳು ಕೇಳಲಿ."

ಹಾಕಿದೆ. ಗೊರಗೊರ ಅಂತ, ಮನುಷ್ಯರದ್ದಲ್ಲದ ದನಿ.

"ಯಾವಾಗಿಂದು ಅಂಕಲ್?"

"ಅಜ್ಜ ಸತ್ತು ಹತ್ತು ವರ್ಷದ ಮೇಲೆ."

ಅದು ಹೇಗೆ ಅಂತ ಕೇಳಿದೆ. ಅವರ ಹಬ್ಬದಲ್ಲಿ ತೀರಿಕೊಂಡ ಹಿರಿಯರು ಎಕು ಅನ್ನೋ ಮುಖವಾಡದಲ್ಲಿ ಬಂದು ಮಾತಾಡ್ತಾರಂತೆ. "ಒಳಗೆ ಯಾರು ಅಂತ ಕೇಳಬಾರದು. ಹೆಂಗಸರಂತೂ ಕೇಳಲೇಬಾರದು."

ನಾನು ಉಡುಪಿ ಕಡೆಯವಳು, ಭೂತಕೋಲ ನೋಡಿ ಬೆಳೆದವಳು. ನನಗೆ ಅರ್ಥ ಆಯ್ತು, ಮ್ಯಾನೇಜರಿಗೆ ಆಗ್ಲಿಲ್ಲ. "ಒಪ್ಪಿಗೆ ಫಾರ್ಮಿಗೆ ಮಾತಾಡಿದವರ ಸಹಿ ಬೇಕು. ಶುಕ್ರವಾರದೊಳಗೆ ಬರದಿದ್ರೆ ಡಿಲೀಟ್."

"ಅವರು ಸತ್ತಿದ್ದಾರಲ್ಲ!"

"ಹೌದಾ? ಹಾಗಾದ್ರೆ ಆನ್‌ಲೈನ್ ಸಹಿ ಸಾಕು."

೩. ದನಿ ತೊಳೆದದ್ದು

ನನ್ನ ಬುದ್ಧಿಗಿಷ್ಟು! ಅಭ್ಯಾಸಬಲ, ಗದ್ದಲ ತೆಗೆಯೋ ಸಾಫ್ಟ್‌ವೇರಿಗೆ ಆ ಕ್ಯಾಸೆಟ್ಟಿನ ದನಿಯನ್ನೂ ಹಾಕಿಬಿಟ್ಟೆ. ಗೊರಗೊರ ಹೋಗಿ ಸಾದಾ ಗಂಡಸಿನ ದನಿ ಉಳೀತು. ಹೆಡ್‌ಫೋನಲ್ಲಿ ಕೇಳಿದ ಅಂಕಲ್ ಮುಖ ಬಾಡಿಹೋಯ್ತು.

"ನಮ್ಮಪ್ಪ," ಅಂದ್ರು ಮೆಲ್ಲಗೆ. "ಪ್ರತಿ ಹಬ್ಬಕ್ಕೂ ಪಕ್ಕದೂರಲ್ಲಿ ಕೆಲಸ ಇದೆ ಅಂತ ಹೊರಡೋರು."

ಕೋಲ ನಡೀವಾಗ ಭೂತ ಕಟ್ಟಿದವನ ಹೆಸರು ಹಿಡಿದು ಕರೆದ ಹಾಗಾಯ್ತಲ್ಲ! ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. "ತಪ್ಪಾಯ್ತು ಅಂಕಲ್."

"ವಾಪಸ್ ಹಾಕು ಮಗಳೇ. ನೀನು ಗದ್ದಲ ಅಂತ ತೆಗೆದೆಯಲ್ಲ, ಅದೇ ನಮ್ಮಜ್ಜ."

ಹಾಕಿದೆ. ಶುಕ್ರವಾರ ನನ್ನ ಟೇಬಲ್ ಮೇಲೆ ಫಾರ್ಮ್ ಇತ್ತು, ಸಹಿಯೂ ಇತ್ತು. ಅಂಕಲ್ ಕೈಬರಹ ನನಗೆ ಗೊತ್ತು, ಇದು ಅವರದ್ದಲ್ಲ. ಫೋನ್ ಮಾಡಿದೆ. "ಅಂಕಲ್, ಇದು ಯಾರ ಸಹಿ?"

ಆ ಕಡೆಯಿಂದ ಕ್ಯಾಸೆಟ್ಟಿನದ್ದೇ ಗೊರಗೊರ ದನಿ: "ಹೆಂಗಸರು ಕೇಳಬಾರದು ಅಂದಿದ್ದೆನಲ್ಲ."

ಫೋನ್ ಇಟ್ಟು ಫಾರ್ಮನ್ನ ಮ್ಯಾನೇಜರಿಗೆ ಕೊಟ್ಟೆ. ಅವರು ಖುಷಿಯಾಗಿ ದನಿಯನ್ನ ಸೇವ್ ಮಾಡಿಸಿದ್ರು.

"ನೋಡಿದ್ರಾ? ನೀವೇ ಸುಮ್ನೆ ಹೆದರ್ತೀರ. ಕೇಳಿದ್ರೆ ಯಾರಾದ್ರೂ ಸಹಿ ಹಾಕ್ತಾರೆ."