ನಿಷ್ಕ್ರಿಯ ಚೌಕ

ಎಲ್ಲಕ್ಕೂ ಕಾರಣ ಟೀವಿ ಮೇಲೆ ಉಳಿದುಹೋದ ಒಂದು ಪೆನ್‌ಡ್ರೈವ್.

ನೀರು ಸರಬರಾಜು ಕಚೇರಿಯ ಆ ಕಿರಿಯ ಎಂಜಿನಿಯರನ್ನು ಎಲ್ಲರೂ ಮರೆಗುಳಿ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ. ಕೊಡೆ, ಕನ್ನಡಕ ಹೋಗಲಿ, ಒಮ್ಮೆ ಅತ್ತೆಯನ್ನೇ ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದ ಪುಣ್ಯಾತ್ಮ. ನೆಲದಡಿಯ ನೀರು ಹೇಗೆ ಹರಿಯುತ್ತದೆ, ಅದರ ಜೊತೆ ಕೊಳೆ ಎಲ್ಲಿಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ತಂತ್ರಾಂಶದ ತರಬೇತಿಗೆ ಅಂದು ಕೊನೆಯ ದಿನ. ಕಚೇರಿಯವರು ಕೊಟ್ಟ ಬಾವಿಗಳ ಮಾಹಿತಿಯೆಲ್ಲ ಪೆನ್‌ಡ್ರೈವಿನಲ್ಲಿತ್ತು. ಪೆನ್‌ಡ್ರೈವ್ ಮನೆಯಲ್ಲಿತ್ತು.

“ಪರವಾಗಿಲ್ಲ ಸಾರ್,” ಅಂದರು ತರಬೇತಿಯ ಮೇಡಂ. ಅವರ ದನಿ ಯಾವಾಗಲೂ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. “ನಿಮಗೆ ಚೆನ್ನಾಗಿ ಗೊತ್ತಿರೋ ಜಾಗ ತಗೊಳ್ಳಿ. ಸಂಜೆಯೊಳಗೆ ಬರೋ ನೀರು, ಹೋಗೋ ನೀರಿನ ಲೆಕ್ಕ ಸರಿಹೋದ್ರೆ ಸರ್ಟಿಫಿಕೇಟು.”

ಮರೆಗುಳಿಗೆ ಚೆನ್ನಾಗಿ ಗೊತ್ತಿದ್ದದ್ದು ತನ್ನ ಬೀದಿ ಮಾತ್ರ. ಅದನ್ನೇ ಪರದೆಯ ಮೇಲೆ ಚೌಕಚೌಕವಾಗಿ ಬರೆದ. ಒಂದು ಚೌಕದಲ್ಲಿ ತನ್ನ ಮನೆ ಮತ್ತು ಹಿತ್ತಲ ಬಾವಿ. ಎಂಥ ಬೇಸಗೆಯಲ್ಲೂ ಬತ್ತದ ಬಾವಿ ಅದು. ಗಂಡ ಈ ಜನ್ಮದಲ್ಲಿ ಮಾಡಿದ ಒಂದೇ ಸರಿಯಾದ ಕೆಲಸ ಅದನ್ನು ತೋಡಿಸಿದ್ದು ಎಂದು ಹೆಂಡತಿಯೂ ಒಪ್ಪುತ್ತಿದ್ದಳು. ಮೇಲಿನ ಚೌಕ ಪಕ್ಕದ ಮನೆ ಮೇಷ್ಟ್ರದು, ಕೆಳಗಿನದು ಟೈಲರ್‌ನದು.

ಅಭ್ಯಾಸಕ್ಕೆಂದು ಎಲ್ಲಾದರೂ ಒಂದು ಕಡೆ ಕೊಳೆ ಹಾಕಬೇಕಿತ್ತು. ದಿನಾ ಕಸವನ್ನು ಗೋಡೆಯಾಚೆ ಎಸೆಯುವ ಮೇಷ್ಟ್ರ ನೆನಪಾಯಿತು. ಅವರ ಅಂಗಳದ ಮೇಲೆ ಒತ್ತಿದ. ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಅರಳಿತು. ಅವನಿಗೆ ಬಹಳ ಸಮಾಧಾನವಾಯಿತು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು. “ರೀ, ಕೇಳಿದ್ರಾ? ಮೇಷ್ಟ್ರ ಬಾವಿ ನೀರು ಕೆಂಪಗಾಗಿದೆ! ಮುಖ ತೊಳೆಯೋಕೆ ಹೋಗಿ ಕೈಯೆಲ್ಲ ಕೆಂಪು ಮಾಡ್ಕೊಂಡು ಕೂತಿದಾರೆ!”

ಮರೆಗುಳಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಗಡಿಬಿಡಿಯಲ್ಲಿ ಕೊಳೆಯ ಮೂಲವನ್ನು ಅಳಿಸಿದ. ಚುಕ್ಕೆ ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು.

“ಮೂಲ ಅಳಿಸಿದ್ರೂ ಹರಡಿದ್ದು ಉಳಿಯತ್ತೆ,” ಅಂದರು ಹಿಂದೆ ಬಂದು ನಿಂತಿದ್ದ ಮೇಡಂ. “ನೆಲ ನಿಮ್ಮ ಥರ ಅಲ್ಲ ಸಾರ್. ಅದು ಮರೆಯೋದಿಲ್ಲ.”

ಪಕ್ಕದ ಕುರ್ಚಿಯ ಸರ್ವೆಯರ್‌ಗೆ ತನ್ನ ಕೆಲಸವೊಂದನ್ನು ಬಿಟ್ಟು ಊರಿನದೆಲ್ಲ ಬೇಕು. “ಅಷ್ಟಕ್ಕೆ ಯಾಕ್ರೀ ಒದ್ದಾಡ್ತೀರಿ? ನಿಮ್ಮ ಬಾವಿಗೆ ದೊಡ್ಡ ಪಂಪು ಹಾಕಿ, ಕೆಂಪನ್ನೆಲ್ಲ ಎಳೆದು ಹೊರಗೆ ಚೆಲ್ಲಿ,” ಎಂದು ಕೈಚಾಚಿ ತಾನೇ ಅಂಕಿ ಹಾಕಿಬಿಟ್ಟ. ಕೆಂಪು ಒಂದು ಬೆರಳಿನಂತೆ ಚಾಚಿಕೊಂಡು ಮರೆಗುಳಿಯ ಮನೆಯತ್ತ ತೆವಳಿತು.

ಫೋನು ಮತ್ತೆ ಬಡಿದುಕೊಂಡಿತು. “ರೀ, ನಮ್ಮ ಮೋಟ್ರು ತಾನಾಗೇ ಓಡ್ತಿದೆ! ಸ್ವಿಚ್ ಆರಿಸಿದೆ, ವೈರೂ ಕಿತ್ತೆ. ಆದ್ರೂ ಓಡ್ತಿದೆ! ನಲ್ಲೀಲಿ ತೆಳ್ಳಗೆ ಕೆಂಪು ಬರ್ತಿದೆ. ಅಮ್ಮ ಅಳ್ತಿದಾರೆ. ನಂಗೆ ಭಯ ಆಗ್ತಿದೆ ಕಣ್ರೀ.”

ಅಂಕಿ ಬದಲಿಸಲು ಹೋದರೆ ಅವಸರದಲ್ಲಿ ಒಂದು ಸೊನ್ನೆ ಹೆಚ್ಚೇ ಬಿತ್ತು.

ಊಟದ ಹೊತ್ತಿಗೆ ಬಾಮೈದ ಬಂದ. ಒಂದು ಕೈಯಲ್ಲಿ ಪೆನ್‌ಡ್ರೈವ್, ಇನ್ನೊಂದರಲ್ಲಿ ಕೆಂಪು ನೀರಿನ ಬಾಟಲಿ. “ಭಾವ, ಮಾಮೂಲಿ ಥರ ಟೀವಿ ಮೇಲಿತ್ತು. ಇದು ನಮ್ಮ ಬಾವಿ ನೀರು. ನೀವು ನೀರಿನೋರಲ್ವಾ, ಏನಂತ ನೋಡಿ ಹೇಳ್ಬೇಕಂತೆ.”

ಬಾಟಲಿಯ ಬಣ್ಣವೂ ಪರದೆಯ ಬಣ್ಣವೂ ಒಂದೇ. ಸರ್ಟಿಫಿಕೇಟು ಹಾಳಾಗಿಹೋಗಲಿ, ಮನೆ ಉಳಿದರೆ ಸಾಕು ಎಂದು ಮರೆಗುಳಿಗೆ ಅನಿಸಿತು. ಮೇಡಂ ಹತ್ತಿರ ಓಡಿದ.

“ಮೇಡಂ, ಈ ಒಂದು ಮನೆಗೆ ಮಾತ್ರ ಕೊಳೆ ಹೋಗಬಾರದು. ಏನಾದ್ರೂ ಮಾಡಿ.”

“ಸುಲಭ. ಆ ಚೌಕಾನ ನಿಷ್ಕ್ರಿಯ ಅಂತ ಗುರುತು ಮಾಡಿ. ಅದರೊಳಗೆ ಏನೂ ಬರಲ್ಲ, ಅದರಿಂದ ಏನೂ ಹೋಗಲ್ಲ. ತಂತ್ರಾಂಶದ ಪಾಲಿಗೆ ಅದು ಇಲ್ಲ.”

ಕೊನೆಯ ಮಾತು ಮರೆಗುಳಿಯ ಕಿವಿಗೆ ಬೀಳಲಿಲ್ಲ. ಗುರುತು ಮಾಡಿದ, ಚೌಕ ಬೂದು ಬಣ್ಣಕ್ಕೆ ತಿರುಗಿತು. ಬರೆದ ಬೀದಿಯನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಲೆಕ್ಕ ಶುರುಮಾಡಿದ. ಮುಗಿಯಲು ಸಂಜೆಯಾಗುತ್ತಿತ್ತು. ಪೆನ್‌ಡ್ರೈವನ್ನು ಜೇಬಿಗಿಡಲು ಹೋದರೆ ಬಾಮೈದ ಕಸಿದುಕೊಂಡ.

“ಅಕ್ಕ ಹೇಳಿದಾಳೆ, ವಾಪಸ್ ನಾನೇ ತರ್ಬೇಕಂತೆ. ನಿಮ್ಮ ಕೈಗೆ ಕೊಟ್ರೆ ಬಸ್ಸಲ್ಲಿ ಬಿಟ್ಟು ಬರ್ತೀರಂತೆ.”

ಸಂಜೆ ಲೆಕ್ಕ ಮುಗಿದದ್ದೇ ಹೆಂಡತಿ ಫೋನಿನಲ್ಲಿ ಕುಣಿದಾಡಿದಳು. “ರೀ, ಮೋಟ್ರು ನಿಂತಿತು! ನೀರು ತಿಳಿಯಾಯ್ತು! ತಮ್ಮನೂ ಬಂದು ಕೂತಿದಾನೆ, ಬೇಗ ಬನ್ನಿ.”

ಮರೆಗುಳಿಗೆ ಅಳುವೇ ಬಂತು. ನೀರಿನ ಲೆಕ್ಕದಲ್ಲಿ ವ್ಯತ್ಯಾಸ ಸೊನ್ನೆ ಎಂದು ಪರದೆ ಹೇಳಿತು. ತರಬೇತಿಯ ಇತಿಹಾಸದಲ್ಲೇ ಇಂಥ ಲೆಕ್ಕ ನೋಡಿಲ್ಲ ಎಂದು ಮೇಡಂ ಸರ್ಟಿಫಿಕೇಟು ಕೊಟ್ಟರು. ಆಮೇಲೆ ಪದ್ಧತಿಯಂತೆ ಒಂದೊಂದೇ ಕಂಪ್ಯೂಟರಿನಲ್ಲಿದ್ದುದನ್ನು ಪೂರ್ತಿ ಅಳಿಸುತ್ತ ಹೋದರು.

ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು. ಮೇಷ್ಟ್ರ ಮನೆ ದಾಟಿದ. ಮುಂದಿನದು ಟೈಲರ್ ಅಂಗಡಿ. ಯೋಚನೆಯಲ್ಲಿ ಮುಂದೆ ಬಂದೆ ಎಂದುಕೊಂಡು ಹಿಂತಿರುಗಿದ. ಟೈಲರ್ ಅಂಗಡಿ, ಮೇಷ್ಟ್ರ ಮನೆ. ಎರಡು ಗೋಡೆಗಳ ನಡುವೆ ಒಂದು ಸೂಜಿ ತೂರಿಸುವಷ್ಟೂ ಜಾಗವಿರಲಿಲ್ಲ.

“ಯಾರು ಬೇಕಾಗಿತ್ತು?” ಕೆಂಪು ಕೈಗಳನ್ನು ಉಜ್ಜಿಕೊಳ್ಳುತ್ತ ಮೇಷ್ಟ್ರು ಕೇಳಿದರು.

“ನಾನು ಸಾರ್! ನಿಮ್ಮ ಪಕ್ಕದ ಮನೆಯವನು!”

“ಪಕ್ಕದ್ದು ಟೈಲರ್ ಮನೆ ಕಣಪ್ಪ. ನಿನ್ನನ್ನ ಎಂದೂ ನೋಡಿದ ನೆನಪಿಲ್ವಲ್ಲ.”

ಅಷ್ಟರಲ್ಲಿ ಹೆಂಡತಿಯ ಫೋನು. “ಎಲ್ಲಿದೀರಿ? ಬಾಗಿಲು ತೆಗೆದಿಟ್ಟು ಎಷ್ಟು ಹೊತ್ತಾಯ್ತು. ಬಾವಿ ತುಂಬ ನೀರಿದೆ. ಆದ್ರೆ ರೀ, ಹೊರಗೆ ಬೀದೀನೇ ಕಾಣ್ತಿಲ್ಲ. ಬರೀ ಬೂದು ಬಣ್ಣ.”

ಅವನು ಮೇಡಂಗೆ ಫೋನು ಮಾಡಿದ.

“ಗಾಬರಿ ಯಾಕೆ ಸಾರ್? ಚೌಕಾನ ಮತ್ತೆ ಸಕ್ರಿಯ ಮಾಡಿದ್ರಾಯ್ತು, ಒಂದೇ ನಿಮಿಷದ ಕೆಲಸ,” ಅಂದಿತು ಬಾವಿಯೊಳಗಿನ ದನಿ. “ಇಲ್ಲಿದ್ದದ್ದನ್ನ ಅಳಿಸಿಬಿಟ್ಟೆ. ಹೊಸದಾಗಿ ಬೇಕಾದ್ರೂ ಬರೀಬೋದು. ಆದ್ರೆ ಅದು ಬೇರೆ ಬೀದಿ, ಬೇರೆ ಬಾವಿ, ಬೇರೆ ಮನೆಯವರು. ಹಳೇದೇ ಬೇಕಂದ್ರೆ ಪೆನ್‌ಡ್ರೈವ್ ತನ್ನಿ.”

ಮರೆಗುಳಿ ಹೆಂಡತಿಗೆ ಫೋನು ಹಚ್ಚಿದ. “ಲೇ, ಪೆನ್‌ಡ್ರೈವ್ ಎಲ್ಲಿ?”

“ಎಲ್ಲೂ ಕಳೆದಿಲ್ಲ ಬಿಡಿ,” ಎಂದು ನಕ್ಕಳು ಅವಳು. “ಟೀವಿ ಮೇಲೇ ಭದ್ರವಾಗಿದೆ. ಬಂದು ತಗೊಳ್ಳಿ.”